ವೈಮಾನಿಕನ ಕೈಪೆಟ್ಟಿಗೆ

ಪಾಲುಪಾರೀಖತ್ತಿನ ಕಾಲದಲ್ಲಿ ಬೆಳ್ಳಿ ಬಂಗಾರಗಳಿಗೂ ತಾಮ್ರದ ಹಂಡೆಗಳಿಗೂ ಹಕ್ಕುದಾರರು ತಾವಾಗಿಯೇ ಒದಗುವರು. ಅಟ್ಟದ ಮೇಲಣ ಹಳೆಯ ಪೆಟ್ಟಿಗೆಗಳನ್ನು ಕೇಳುವವರಿರುವುದಿಲ್ಲ. ಶಿವಮೊಗ್ಗೆಯ ದುರ್ಗಿಗುಡಿಯಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಕೊಟ್ಟುಬಿಡುವುದೆಂದು ನಿಶ್ಚಯವಾದಾಗಲೂ ಹೀಗೆಯೇ ನಡೆಯಿತು. ಆ ಬೀದಿಯಲ್ಲಿ ಈಗ ಅಂಗಡಿಗಳ ನಡುವೆ ಜಗಲಿಯುಳ್ಳ ಹೆಂಚಿನ ಮನೆಯೊಂದು ಕಣ್ಣಿಗೆ ಬಿದ್ದರೆ ಅದೇ ಹೆಚ್ಚು. ಬೇಕಾದುದನ್ನು ಬೇಕಾದವರು ಆರಿಸಿಕೊಂಡ ಮೇಲೆ ಉಳಿದುದನ್ನೆಲ್ಲ ಅಂಗಳಕ್ಕೆ ಇಳಿಸಿ ಗುಜರಿಯವನಿಗೆ ತೂಕಕ್ಕೆ ಹಾಕುತ್ತಲಿದ್ದೆವು. ಆ ರಾಶಿಯಲ್ಲಿ ಬೂದುಬಣ್ಣಕ್ಕೆ ತಿರುಗಿದ್ದ ಒಂದು ಲೋಹದ ಕೈಪೆಟ್ಟಿಗೆಯೂ ಇದ್ದಿತು. ಗುಜರಿಯವನು ಅದನ್ನು ತಕ್ಕಡಿಗಿಟ್ಟು, ಎರಡು ಮುಕ್ಕಾಲು ಕಿಲೋ ಎಂದು ಕೂಗಿ, ತನ್ನ ವಾಡಿಕೆಯಂತೆ ಕಾಲಿನಿಂದ ಮೆಟ್ಟಿ ಚಪ್ಪಟೆಮಾಡಲು ಹೋದನು. ಪೆಟ್ಟಿಗೆಯು ಬಗ್ಗಲಿಲ್ಲ. "ಇದು ಪಾತ್ರೆಯ ಅಲ್ಯುಮಿನಿಯಂ ಅಲ್ಲ ಸ್ವಾಮಿ, ಬೇರೇನೋ ಇದೆ" ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದನು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಮನೆಯಲ್ಲಿದ್ದ ಆ ವಸ್ತುವನ್ನು ಕಣ್ಣಿಟ್ಟು ನೋಡಿದವರಲ್ಲಿ ಅವನೇ ಮೊದಲಿಗನೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. ಅದನ್ನು ತಕ್ಕಡಿಯಿಂದ ಇಳಿಸಿಕೊಂಡು ಒಳಗೆ ತಂದೆವು.

ಅದು ನಮ್ಮ ಸೋದರಮಾವನವರು ತಮ್ಮ ಕೈಯಿಂದಲೇ ಮಾಡಿದ ಪೆಟ್ಟಿಗೆ. ಅವರು ೧೯೪೩ರಲ್ಲಿ ವಾಯುಪಡೆಯನ್ನು ಸೇರಿ, ಫಿಟ್ಟರ್ ಕೆಲಸವನ್ನು ಕಲಿತು, ಯುದ್ಧವು ಮುಗಿದ ಮೇಲೆ ೧೯೪೬ರಲ್ಲಿ ಊರಿಗೆ ಬಂದವರು. ವೈಮಾನಿಕನೆಂದ ಕೂಡಲೆ ಚರ್ಮದ ಟೋಪಿಯನ್ನು ಧರಿಸಿ ಮೋಡಗಳ ನಡುವೆ ಹಾರುವವನೇ ನಮ್ಮ ಕಣ್ಣಿಗೆ ಕಟ್ಟುವನು. ಆದರೆ ಹಾರುವವನೊಬ್ಬನಿಗೆ ನೆಲದ ಮೇಲೆ ದುಡಿಯುವವರು ಹತ್ತಾರು ಮಂದಿ ಬೇಕು. ಭಾರತೀಯ ವಾಯುಪಡೆಯು ೧೯೩೨ರ ಅಕ್ಟೋಬರ್ ೮ರಂದು ಹುಟ್ಟಿ, ಮರುವರ್ಷದ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ತನ್ನ ಮೊದಲ ದಳವನ್ನು ಕಟ್ಟಿತು. ಆಗ ಕೆಳದರ್ಜೆಯ ಸಿಬ್ಬಂದಿಯನ್ನು ಹವಾಯಿ ಸಿಪಾಯಿಗಳೆಂದು ಕರೆಯುತ್ತಿದ್ದರು. ಅವರ ಸಂಖ್ಯೆ ಇಪ್ಪತ್ತರ ಆಸುಪಾಸು. ಯುದ್ಧದ ಅಂತ್ಯಕ್ಕೆ ಪಡೆಯ ಬಲವು ಸುಮಾರು ೨೮,೫೦೦ ಆಗಿದ್ದಿತು. ಅವರಲ್ಲಿ ಅಧಿಕಾರಿಗಳು ೧,೬೦೦ರಷ್ಟು. ಉಳಿದವರೆಲ್ಲರೂ ನಮ್ಮ ಮಾವನಂತೆ ಎಂಜಿನುಗಳನ್ನು ಬಿಚ್ಚಿ ಜೋಡಿಸುವ, ತಗಡಿಗೆ ತೇಪೆ ಹಾಕುವ, ಹೆಸರಿಗೆ ಬಾರದ ಜನ.

ಪೆಟ್ಟಿಗೆಯು ೨ ಅಡಿ ಉದ್ದ, ೧೬ ಅಂಗುಲ ಅಗಲ, ೮ ಅಂಗುಲ ಎತ್ತರವಾಗಿದೆ. ಮೂಲೆಗಳು ಚೂಪಾಗಿರದೆ ದುಂಡಗಿವೆ. ಎಲ್ಲಿಯೂ ಬೆಸುಗೆಯಿಲ್ಲ, ಅಂಚುಗಳೆಲ್ಲವೂ ಸಾಲುಗಟ್ಟಿದ ರಿವೆಟ್ಟುಗಳಿಂದ ಕೂಡಿವೆ. ತಳಭಾಗದಲ್ಲಿ ಒಂದು ವಿಚಿತ್ರವುಂಟು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓರೆಯಾಗಿ ಸರಿಯಾದ ಅಂತರದಲ್ಲಿ ರಿವೆಟ್ಟುಗಳ ಸಾಲೊಂದು ಹಾಯ್ದುಹೋಗಿದೆ. ಅವು ಯಾವುದನ್ನೂ ಯಾವುದಕ್ಕೂ ಕೂಡಿಸುವುದಿಲ್ಲ. ಮೊದಲು ಇದನ್ನು ಅಲಂಕಾರವೆಂದು ಭಾವಿಸಿದೆವು. ತಗಡಿನ ಕೆಲಸವನ್ನು ಬಲ್ಲ ಒಬ್ಬರು ನೋಡಿ, ಅವು ಹಳೆಯ ತೂತುಗಳನ್ನು ಮುಚ್ಚಿದ ರಿವೆಟ್ಟುಗಳೆಂದು ತಿಳಿಸಿದರು. ಎಂದರೆ, ಪೆಟ್ಟಿಗೆಯಾಗುವುದಕ್ಕೆ ಮೊದಲು ಈ ತಗಡು ಯಾವುದೋ ವಿಮಾನದ ಮೈಯಾಗಿದ್ದು, ಒಳಗಣ ಪಕ್ಕೆಲುಬೊಂದಕ್ಕೆ ಆ ತೂತುಗಳ ಮೂಲಕ ಹೊಂದಿಕೊಂಡಿದ್ದಿತು. ಒಳಬದಿಯಲ್ಲಿ ಅಲ್ಲಲ್ಲಿ ಉಳಿದಿರುವ ಹಳದಿ ಬೆರೆತ ಹಸುರು ಬಣ್ಣವೂ ಅದಕ್ಕೇ ಸಾಕ್ಷಿ. ಅದು ವಿಮಾನದ ಲೋಹವು ಕೆಡದಂತೆ ಆ ಕಾಲದಲ್ಲಿ ಬಳಿಯುತ್ತಿದ್ದ ಸತುವಿನ ಕ್ರೋಮೇಟೆಂಬ ಲೇಪ.

ಆ ಲೋಹದ ವಿಷಯವಾಗಿ ಎರಡು ಮಾತು. ಶುದ್ಧವಾದ ಅಲ್ಯುಮಿನಿಯಂ ಹಗುರವೇನೋ ಸರಿ, ಆದರೆ ಮೆತ್ತಗಿನದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವನು ೧೯೦೬ರ ಸುಮಾರಿಗೆ ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮನ್ನೂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿ ಪರೀಕ್ಷಿಸಿದನು. ಅದ್ದಿದ ದಿನ ಅದು ಮೆತ್ತಗೇ ಇದ್ದಿತು; ಒಂದೆರಡು ದಿನ ಸುಮ್ಮನೆ ಇಟ್ಟು ಮತ್ತೆ ನೋಡಿದರೆ ತಾನಾಗಿಯೇ ಗಟ್ಟಿಯಾಗಿದ್ದಿತು! ಡ್ಯುರಾಲ್ಯುಮಿನ್ ಎಂದು ಹೆಸರಾದ ಈ ಬೆರಕೆಯಿಂದಲೇ ಮುಂದೆ ವಿಮಾನಗಳ ಮೈಯನ್ನು ಕಟ್ಟಿದರು. ಇದೇ ಗುಣದಿಂದ ಕೆಲವು ಬಗೆಯ ರಿವೆಟ್ಟುಗಳನ್ನು ಕಾಯಿಸಿ ಅದ್ದಿದ ಮೇಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತಿದ್ದಿತು. ಹೊರಗಿಟ್ಟರೆ ಬಡಿಯುವುದಕ್ಕೆ ಮೊದಲೇ ಅವು ಬಿರುಸಾಗುವುವು. ಗಟ್ಟಿಯಾದ ತಗಡನ್ನು ಚೂಪಾಗಿ ಮಡಿಸಿದರೆ ಬಿರಿಯುವುದು. ನಮ್ಮ ಮಾವ ಮೂಲೆಗಳನ್ನು ದುಂಡಗೆ ಮಾಡಿದುದು ಅಂದಕ್ಕಲ್ಲ, ಈ ಕಾರಣಕ್ಕೆ. ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿದ ಗುರುತುಗಳು ಒಳಬದಿಯಲ್ಲಿ ಬೆರಳಿಗೆ ಈಗಲೂ ತಗಲುತ್ತವೆ.

ಸರ್ಕಾರದ ಸೊತ್ತನ್ನು ಹೀಗೆ ಪೆಟ್ಟಿಗೆ ಮಾಡಿಕೊಂಡು ಬರುವುದು ನ್ಯಾಯವೇ ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ನಾವು ಹುಡುಗರಾಗಿದ್ದಾಗ ತಾಯಿಯವರನ್ನು ಹೀಗೆಯೇ ಕೇಳಿದ್ದೆವು. "ಅವರು ಬಿಸಾಕಿದ್ದನ್ನು ಅಣ್ಣ ಎತ್ತಿಕೊಂಡ" ಎಂದಷ್ಟೇ ಅವರ ಉತ್ತರ. ಬಿಸಾಡಿದುದಂತೂ ನಿಜ. ೧೯೪೦ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಗೃಹಿಣಿಯರು ತಮ್ಮ ಅಡಿಗೆಮನೆಯ ಅಲ್ಯುಮಿನಿಯಂ ಪಾತ್ರೆಗಳನ್ನು ವಿಮಾನಗಳಿಗೆಂದು ಕೊಡಬೇಕೆಂದು ಸರ್ಕಾರವೇ ಬೇಡಿಕೊಂಡಿದ್ದಿತು. ಯುದ್ಧ ಮುಗಿದೊಡನೆ ಚಕ್ರವು ತಿರುಗಿ, ಅಲ್ಲಿನ ವಿಮಾನ ಕಾರ್ಖಾನೆಗಳು ಮನೆಯಿಲ್ಲದವರಿಗೆ ಅಲ್ಯುಮಿನಿಯಮಿನ ಪುಟ್ಟ ಮನೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿಕೊಟ್ಟವು. ನಮ್ಮ ದೇಶದಲ್ಲಿ ಯುದ್ಧಾನಂತರ ಅಲ್ಲಲ್ಲಿ ವಿಮಾನಗಳ ಹೆಣಗಳೇ ಬಿದ್ದಿದ್ದವು. ಅಮೆರಿಕದಿಂದ ಎರವಲಾಗಿ ಬಂದ ಲಿಬರೇಟರ್ ಎಂಬ ನಾಲ್ಕು ಎಂಜಿನಿನ ಬಾಂಬರುಗಳನ್ನು ಕಾನ್ಪುರದಲ್ಲಿ ಒಟ್ಟುಗೂಡಿಸಿ, ಮತ್ತಾರಿಗೂ ಉಪಯೋಗಕ್ಕೆ ಬಾರದಿರಲೆಂದು ಎಂಜಿನುಗಳಿಗೆ ಮರಳು ತುಂಬಿ, ಮೈಯನ್ನು ಜಜ್ಜಿ ಬಿಟ್ಟುಹೋಗಿದ್ದರು.

ಈ ಲಿಬರೇಟರುಗಳ ಕಥೆಯು ನಮ್ಮ ಪೆಟ್ಟಿಗೆಯ ಕಥೆಗೆ ಅಣ್ಣನಿದ್ದಂತೆ, ಆದುದರಿಂದ ಹೇಳಿಬಿಡುತ್ತೇವೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ೧೯೪೦ರ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದರಷ್ಟೆ. ೧೯೪೩ರಿಂದ ಯುದ್ಧ ಮುಗಿಯುವವರೆಗೆ ಅದು ಅಮೆರಿಕದ ಸೇನೆಯ ವಶದಲ್ಲಿದ್ದು, ಪೂರ್ವದ ರಣರಂಗದಲ್ಲಿ ನುಗ್ಗಾದ ವಿಮಾನಗಳನ್ನು ರಿಪೇರಿಮಾಡುತ್ತಲಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಸತ್ತವೆಂದು ಬರೆದುಬಿಟ್ಟಿದ್ದ ಆ ಬಾಂಬರುಗಳನ್ನು ಹೇಗೋ ಹಾರುವಷ್ಟರಮಟ್ಟಿಗೆ ಎಬ್ಬಿಸಿದರು. ಕಾರ್ಖಾನೆಯ ವೈಮಾನಿಕ ಮುನ್ಷಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ಣವಾಗಿ ದುರಸ್ತಾದ ಸುಮಾರು ೪೦ ವಿಮಾನಗಳು ೧೯೪೮ರಿಂದ ೧೯೬೮ರವರೆಗೆ ಭಾರತದ ಸೇವೆಯಲ್ಲಿದ್ದವು. ಬಿಟ್ಟುಹೋದವರ ದೇಶಗಳ ವಸ್ತುಸಂಗ್ರಹಾಲಯಗಳೇ ಕೊನೆಗೆ ನಮ್ಮಲ್ಲಿಂದ ಅವುಗಳನ್ನು ಪಡೆದುಕೊಂಡವೆಂದರೆ ನಗು ಬರುವುದು. ಅದೇ ಕಾರ್ಖಾನೆಯು ವಿಮಾನದ ಕೆಲಸ ಕಡಿಮೆಯಾದಾಗ ರೈಲುಗಾಡಿಗಳನ್ನೂ ಬಸ್ಸಿನ ಮೈಗಳನ್ನೂ ಮಾಡಿತು.

ಕೆಲಸವಿಲ್ಲದೆ ಕಾಯುವ ಸಿಪಾಯಿಯ ಕೈ ಸುಮ್ಮನಿರದು. ಇದು ಎಲ್ಲ ದೇಶದಲ್ಲಿಯೂ ಕಂಡ ಸಂಗತಿ. ಜರ್ಮನರ ವಶದಲ್ಲಿದ್ದ ಸಾಗನ್ ಊರಿನ ಸೆರೆಶಿಬಿರದಲ್ಲಿ ಮಿತ್ರಪಕ್ಷದ ಸಾವಿರಾರು ಮಂದಿ ವೈಮಾನಿಕರು ಬಂಧಿತರಾಗಿದ್ದರು. ಅವರಿಗೆ ರೆಡ್‌ಕ್ರಾಸಿನಿಂದ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಗಳಿಗೆ ಕ್ಲಿಮ್ ಎಂದು ಹೆಸರು. ಹಾಲಿನ ಇಂಗ್ಲಿಷ್ ಹೆಸರನ್ನೇ ಹಿಂದುಮುಂದಾಗಿ ಬರೆದದ್ದು. ಆ ಡಬ್ಬಗಳಿಂದ ಅವರು ತಟ್ಟೆ, ಪಾತ್ರೆ, ಒಲೆಗಳನ್ನು ಮಾಡಿಕೊಂಡರು. ೧೯೪೪ರ ಮಾರ್ಚಿಯಲ್ಲಿ ೭೬ ಮಂದಿ ತಪ್ಪಿಸಿಕೊಂಡುಹೋದ ಪ್ರಸಿದ್ಧ ಸುರಂಗಕ್ಕೆ ಗಾಳಿ ಒದಗಿಸಿದ ಕೊಳವೆಯೂ ಆ ಡಬ್ಬಗಳದೇ. ಆ ಪೈಕಿ ೫೦ ಮಂದಿಯನ್ನು ಹಿಡಿದು ಕೊಂದರು. ೧೯೪೫ರ ಜನವರಿಯಲ್ಲಿ ಉಳಿದವರನ್ನು ಹಿಮದಲ್ಲಿ ನಡೆಸಿದಾಗ ಮಂಚದ ಹಲಗೆಗಳಿಂದ ಜಾರುಬಂಡಿಗಳನ್ನು ಮಾಡಿ ತಮ್ಮ ಸಾಮಾನನ್ನು ಎಳೆದುಕೊಂಡು ಹೋದರು. ನಮ್ಮ ಮಾವ ಸೆರೆಯಾಳಾಗಿರಲಿಲ್ಲ, ಅಂತಹ ಕಷ್ಟವನ್ನೂ ಕಾಣಲಿಲ್ಲ. ಆದರೆ ಯುದ್ಧವು ನಿಂತ ಮೇಲೂ ಊರಿಗೆ ಬಿಡದೆ ಇರಿಸಿಕೊಳ್ಳುವ ಬೇಸರವು ಆ ದಿನಗಳಲ್ಲಿ ಎಲ್ಲರಿಗೂ ಇದ್ದಿತು. ೧೯೪೬ರ ಜನವರಿಯಲ್ಲಿ ಡ್ರಿಗ್ ರೋಡ್ ಮೊದಲಾದ ನೆಲೆಗಳಲ್ಲಿ ಬ್ರಿಟಿಷ್ ವೈಮಾನಿಕರೇ ಈ ವಿಳಂಬದ ದೆಸೆಯಿಂದ ಕೆಲಸ ನಿಲ್ಲಿಸಿಬಿಟ್ಟಿದ್ದರು. ಅಂತಹ ತಿಂಗಳುಗಳಲ್ಲಿಯೇ ಈ ಪೆಟ್ಟಿಗೆಯು ಸಿದ್ಧವಾಯಿತೆಂದು ತಾಯಿಯವರು ಹೇಳುತ್ತಿದ್ದರು.

ಮಾವ ಊರಿಗೆ ಬಂದ ವರ್ಷವೇ ವೈಶಾಖದಲ್ಲಿ ತಾಯಿಯವರ ಮದುವೆ. ಅವರ ತವರು ತೀರ್ಥಹಳ್ಳಿಯ ಕಡೆ. ಮದುವಣಗಿತ್ತಿಗೆ ಕಬ್ಬಿಣದ ಟ್ರಂಕನ್ನು ಕೊಡುವುದು ಆಗಿನ ಪದ್ಧತಿ. ಕಬ್ಬಿಣ ಉಕ್ಕುಗಳ ಹಂಚಿಕೆಯಾದರೋ ೧೯೪೧ರಿಂದ ಸರ್ಕಾರದ ಹತೋಟಿಯಲ್ಲಿದ್ದಿತು. ಹತ್ತಿರದ ಭದ್ರಾವತಿಯಲ್ಲಿ ೧೯೨೩ರಿಂದಲೂ ಕುಲುಮೆಯು ಉರಿಯುತ್ತಿದ್ದರೂ ಬಡವರ ಮನೆಯ ಮದುವೆಗೆ ಒಂದು ಟ್ರಂಕು ದೊರೆಯುವುದು ದುಸ್ತರವಾಗಿದ್ದಿತು. ಮಾವ ತಮ್ಮ ಪೆಟ್ಟಿಗೆಯನ್ನು ಬರಿದುಮಾಡಿ ತಂಗಿಗೆ ಕೊಟ್ಟುಬಿಟ್ಟರು. ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸಿನ ನೆತ್ತಿಯ ಮೇಲೆ ಅದು ಶಿವಮೊಗ್ಗೆಗೆ ಬಂದಿತು.

ದುರ್ಗಿಗುಡಿಯ ಮನೆಯ ಬಾಗಿಲಲ್ಲಿ ನಡೆದುದನ್ನು ತಾಯಿಯವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಮದುವಣಗಿತ್ತಿಯ ಪೆಟ್ಟಿಗೆಯನ್ನು ಇಳಿಸಲು ಇಬ್ಬರು ಆಳುಗಳು ಬಂದರು. ಒಬ್ಬ ಹುಡುಗನು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದನು. ಜಗಲಿಯ ಮೇಲಿದ್ದ ಹೆಂಗಸರಲ್ಲಿ ಒಬ್ಬರು, "ಏನಮ್ಮಾ, ಪೆಟ್ಟಿಗೆಯಲ್ಲಿ ಗಾಳಿ ತುಂಬಿಸಿಕೊಂಡು ಬಂದೆಯೋ?" ಎಂದರಂತೆ. ಒಳಗೆ ಆರು ಸೀರೆಗಳೂ ಒಂದು ಬೆಳ್ಳಿಯ ಬಟ್ಟಲೂ ಇದ್ದವು. ಹಗುರವಾದುದು ಪೆಟ್ಟಿಗೆಯೇ ಹೊರತು ತವರಿನವರು ಕೊಟ್ಟ ಸಾಮಾನಲ್ಲವೆಂದು ಹದಿನೆಂಟು ವರ್ಷದ ಹುಡುಗಿಯು ಯಾರಿಗೆ ಹೇಳಿಯಾಳು? ಅದೇ ಅಳತೆಯ, ಒಂದು ಮಿಲಿಮೀಟರು ದಪ್ಪದ ಕಬ್ಬಿಣದ ತಗಡಿನ ಪೆಟ್ಟಿಗೆಯು ಸುಮಾರು ಏಳು ಕಿಲೋ ತೂಗುವುದು. ಇದು ಅದರ ಅರ್ಧಕ್ಕಿಂತಲೂ ಕಡಿಮೆ. ಈ ಲೆಕ್ಕವನ್ನು ನಾವು ಈಗ ಕಾಗದದ ಮೇಲೆ ಹಾಕಬಲ್ಲೆವು. ಆಗ ಅವರು ಅಡಿಗೆಮನೆಯ ಕತ್ತಲೆಯಲ್ಲಿ ಕುಳಿತು ಅತ್ತರು.

ಅವರ ಮಾನವನ್ನು ಉಳಿಸಿದುದು ಮಲೆನಾಡಿನ ಮಳೆ. ಆಷಾಢ ಶ್ರಾವಣಗಳಲ್ಲಿ ಮನೆಯ ಕಬ್ಬಿಣದ ಟ್ರಂಕುಗಳಿಗೆ ತುಕ್ಕು ಹಿಡಿದು, ಕಂದು ಕಲೆಯು ಜರತಾರಿಯ ಸೀರೆಗಳಿಗೆ ಅಂಟುವುದು ವರ್ಷ ವರ್ಷದ ಗೋಳಾಗಿದ್ದಿತು. ಅಲ್ಯುಮಿನಿಯಮಿನ ಮೇಲೆ ಗಾಳಿ ತಗಲಿದೊಡನೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯೊಂದು ಕಟ್ಟಿ ಅದನ್ನು ಕಾಯುವುದು. ಕಬ್ಬಿಣದಂತೆ ಅದು ಕಂದು ತುಕ್ಕು ಕಟ್ಟದು. ಮೂರನೆಯ ಮಳೆಗಾಲದ ಹೊತ್ತಿಗೆ ಮನೆಯ ಹೆಂಗಸರೆಲ್ಲರೂ ತಮ್ಮ ತಮ್ಮ ಧಾರೆಯ ಸೀರೆಗಳನ್ನು "ವಿಮಾನದ ಪೆಟ್ಟಿಗೆ"ಯಲ್ಲಿಡಬೇಕೆಂದು ಕೇಳುವವರಾದರು. ಗಾಳಿಯ ಮಾತನ್ನಾಡಿದ ಹಿರಿಯರದೂ ಒಂದು ಸೀರೆ ಅದರಲ್ಲಿದ್ದಿತು.

ಅನಂತರದ ಅದರ ಬಾಳು ಎಲ್ಲ ಪೆಟ್ಟಿಗೆಗಳ ಬಾಳಿನಂತೆಯೇ. ಸೀರೆಗಳು ಬೀರುವಿಗೆ ಹೋದವು. ಜಾತಕಗಳೂ ಗೇಣಿಯ ರಸೀತಿಗಳೂ ಅದರೊಳಗೆ ಬಂದವು. ೧೯೭೪ರ ಭೂಸುಧಾರಣೆಯ ಕಾಲದಲ್ಲಿ ತಂದೆಯವರು ಅದನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ತಿರುಗಿದರು. ಆ ಗಲಾಟೆ ಮುಗಿದ ಮೇಲೆ ನವರಾತ್ರಿಯ ಬೊಂಬೆಗಳಿಗೆ ಅದು ಮನೆಯಾಯಿತು. ಕೊನೆಗೆ ಅಟ್ಟ.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ೧೯೬೫ರ ದೀಪಾವಳಿ, ನೀರು ತುಂಬುವ ಹಬ್ಬದ ದಿನ ಹಂಡೆ ಕೊಡಗಳನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುವ ಸಂಭ್ರಮದಲ್ಲಿ ಮನೆಯಿದ್ದಿತು. ನಮಗಾಗ ಹತ್ತು ವರ್ಷ. ಪೆಟ್ಟಿಗೆಯನ್ನೂ ಬೆಳ್ಳಿಯಂತೆ ಹೊಳೆಯಿಸಿ ತಾಯಿಯವರನ್ನು ಬೆರಗುಗೊಳಿಸಬೇಕೆಂಬ ಉತ್ಸಾಹದಿಂದ, ಒಗೆಯುವ ಸೋಡವನ್ನು ಬಿಸಿನೀರಿನಲ್ಲಿ ಕದಡಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿದೆವು. ಸೋಡವು ಅಲ್ಯುಮಿನಿಯಮನ್ನು ತಿನ್ನುವುದು. ನೊರೆನೊರೆಯಾಗಿ ಗುಳ್ಳೆಗಳೆದ್ದುದು ನಮಗೆ ಕೊಳೆ ಬಿಡುವ ಗುರುತಾಗಿ ಕಂಡಿತು. ಬೆರಕೆಯಲ್ಲಿರುವ ತಾಮ್ರವು ಹಿಂದೆ ಉಳಿದು ಪೆಟ್ಟಿಗೆಯೆಲ್ಲ ಮಸಿಯಂತೆ ಕಪ್ಪಾಯಿತು. ಇದಕ್ಕಿಂತ ಕೇಡೆಂದರೆ, ಮುಚ್ಚಳದ ಒಳಬದಿಯ ಹಸುರು ಬಣ್ಣವು ಬಹುಭಾಗ ಎದ್ದುಹೋಯಿತು. ಆ ಬಣ್ಣದ ಮೇಲೆಯೇ ಮಾವ ಮೊಳೆಯ ತುದಿಯಿಂದ ತಮ್ಮ ಹೆಸರನ್ನೂ ಸೇವೆಯ ಅಂಕಿಗಳನ್ನೂ ಕೆರೆದಿದ್ದರು. ಹೆಸರು ಉಳಿಯಿತು. ಅಂಕಿಗಳಲ್ಲಿ ಮೂರನೆಯದೂ ಕೊನೆಯದೂ ಅಳಿಸಿಹೋದವು.

ಮಾವ ಆಗ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಹಬ್ಬಕ್ಕೆ ಬಂದರು. ತಾಯಿಯವರು ಕೋಪದಿಂದ ಪೆಟ್ಟಿಗೆಯನ್ನು ತಂದು ತೋರಿಸಿದರು. ಅವರು ಮುಚ್ಚಳವನ್ನು ತೆರೆದು ನೋಡಿ, "ಚೆನ್ನಾಗಿ ತಿಕ್ಕಿದ್ದೀಯೆ ಮಗು" ಎಂದರು, ಬೇರೇನೂ ಹೇಳಲಿಲ್ಲ. ಆ ಅಂಕಿಗಳು ಯಾವುವೆಂದು ಅಂದು ಕೇಳಬಹುದಾಗಿದ್ದಿತು. ಅವರು ಬದುಕಿದ್ದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯಾವ ಹಬ್ಬದ ದಿನವಾದರೂ ಕೇಳಬಹುದಾಗಿದ್ದಿತು. ಎಲ್ಲಿ ಕೆಲಸ ಮಾಡಿದರು, ಯಾವ ವಿಮಾನದ ತಗಡು, ಜೊತೆಗೆ ಯಾರಿದ್ದರು, ಯಾವುದನ್ನೂ ನಾವು ಕೇಳಲಿಲ್ಲ. ಸಿಪಾಯಿಯ ದಾಖಲೆಗಳನ್ನು ಹುಡುಕುವವರಿಗೆ ಅವನ ಸಂಖ್ಯೆಯೇ ಬೀಗದ ಕೈ. ನಮ್ಮ ಕೈಯಲ್ಲಿರುವ ಬೀಗದ ಕೈಗೆ ಎರಡು ಹಲ್ಲುಗಳಿಲ್ಲ. ಅವರ ಕಾಗದಪತ್ರಗಳು ಅವರೊಡನೆಯೇ ಹೋದವು.

ಇಂತಹ ಪೆಟ್ಟಿಗೆಗಳು ಇನ್ನೂ ಕೆಲವರ ಅಟ್ಟಗಳಲ್ಲಿರಬಹುದಾದ್ದರಿಂದ, ತಡವಾಗಿ ಕಲಿತ ಕೆಲವು ವಿಷಯಗಳನ್ನು ತಿಳಿಸುತ್ತೇವೆ. ಹುಣಿಸೆಹಣ್ಣು, ಸೋಡ, ಬೂದಿ, ಸುಣ್ಣ ಇವು ಯಾವುದೂ ಅಲ್ಯುಮಿನಿಯಮಿಗೆ ತಗಲಬಾರದು. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಕಬ್ಬಿಣದ ಚಿಲಕವೋ ಹಿತ್ತಾಳೆಯ ಮೂಲೆಯೋ ಇದ್ದರೆ, ತೇವ ಬಿದ್ದಾಗ ಎರಡು ಲೋಹಗಳು ಕೂಡುವ ಕಡೆ ಬಿಳಿಯ ಪುಡಿ ಏಳುವುದು. ಅದು ಲೋಹವು ಸವೆಯುತ್ತಿರುವ ಗುರುತಾದುದರಿಂದ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಹಲಗೆಗಳ ಮೇಲೆ, ಗಾಳಿಯಾಡುವ ಕಡೆ ಇಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಒಳಗೆ ಹಳದಿಹಸುರು ಬಣ್ಣವಿದ್ದರೆ ಅದನ್ನು ಉಪ್ಪುಕಾಗದದಿಂದ ಉಜ್ಜಲೇಬಾರದು. ಕ್ರೋಮೇಟಿನ ಪುಡಿಯು ಉಸಿರಿನೊಡನೆ ಒಳಹೊಕ್ಕರೆ ಕ್ಯಾನ್ಸರನ್ನು ತರಬಲ್ಲದೆಂದು ಈಗ ಸಿದ್ಧವಾಗಿದೆ. ಅಂತಹ ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥವನ್ನು ಇಡಕೂಡದು, ಮಕ್ಕಳ ಕೈಗೂ ಕೊಡಕೂಡದು. ನಮ್ಮ ತಮ್ಮನ ಮಗನು ಪೆಟ್ಟಿಗೆಗೆ ಹೊಸ ಬಣ್ಣ ಹೊಡೆಯಿಸಬೇಕೆಂದು ಉಪ್ಪುಕಾಗದವನ್ನು ಕೊಂಡುತಂದಿದ್ದನು. ಒಂದು ಮೂಲೆಯನ್ನು ಉಜ್ಜುವಷ್ಟರಲ್ಲಿ ತಡೆದೆವು. ಈ ಸಲ ನಮ್ಮ ಕೋಪವನ್ನು ಕಂಡು ಮನೆಯವರೆಲ್ಲರೂ ಬೆರಗಾದರು.

೨೦೨೩ರ ಫೆಬ್ರವರಿ ೨೭ರಂದು ಶಿವಮೊಗ್ಗೆಯ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನನಿಲ್ದಾಣವು ತೆರೆಯಿತು. ಅದೇ ವರ್ಷದ ಆಗಸ್ಟ್ ೩೧ರಿಂದ ಬೆಂಗಳೂರಿಗೆ ವಿಮಾನಸಂಚಾರವು ಆರಂಭವಾಯಿತು. ಮಾವನು ಊರಿಗೆ ಬಂದುದು ೧೮೯೯ರಲ್ಲಿ ಹಾಕಿದ ಬೀರೂರಿನ ರೈಲುದಾರಿಯಲ್ಲಿ. ನಾವು ಬಲ್ಲಮಟ್ಟಿಗೆ ಅವರು ಒಂದು ದಿನವೂ ವಿಮಾನದಲ್ಲಿ ಕುಳಿತು ಹಾರಿದವರಲ್ಲ.

ಪೆಟ್ಟಿಗೆಯು ಈಗ ನಮ್ಮ ಕೋಣೆಯ ಕಿಟಕಿಯ ಬಳಿ ಎರಡು ಹಲಗೆಗಳ ಮೇಲಿದೆ. ಬೊಂಬೆಗಳನ್ನು ಮರದ ಪೆಟ್ಟಿಗೆಗೆ ಸಾಗಿಸಿದ್ದೇವೆ. ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲು ತೆರೆದ ಮುಚ್ಚಳದ ಮೇಲೆ ಬಿದ್ದಾಗ, ಅಳಿಸಿಹೋದ ಕೊನೆಯ ಅಂಕಿಯ ಸ್ಥಳದಲ್ಲಿ ಒಂದು ಬಾಗಿದ ಗೆರೆ ಕಂಡಂತಾಗುವುದು. ನಮ್ಮ ತಮ್ಮನು ಅದನ್ನು ಮೂರು ಎನ್ನುವನು. ನಮಗೆ ಎಂಟರ ಅರ್ಧದಂತೆ ತೋರುವುದು. ಬರುವ ದೀಪಾವಳಿಗೆ ಎಲ್ಲರೂ ಕೂಡಿದಾಗ, ಭೂತಗನ್ನಡಿಯನ್ನಿಟ್ಟು ಇನ್ನೊಮ್ಮೆ ನೋಡುವುದೆಂದು ಮಾತಾಗಿದೆ.